ಬಾವಿಗೆ ತಳ್ಳಿದ ಚಿಕ್ಕಪ್ಪ

ಗೋವಾದಲ್ಲಿ 2019ರಲ್ಲಿ ಶುರುವಾದ ಐರನ್‌ಮ್ಯಾನ್ 70.3 ಸ್ಪರ್ಧೆಗೆ ನಮ್ಮ ಆಫೀಸಿನಿಂದ ಎರಡು ರಿಲೇ ತಂಡ ಹೋಗೋದು ಅಂತ ತೀರ್ಮಾನ ಆಗಿದ್ದು ಕ್ಯಾಂಟೀನಿನಲ್ಲಿ. ಒಬ್ಬ ಸಮುದ್ರದಲ್ಲಿ 1.9 ಕಿಲೋಮೀಟರ್ ಈಜಬೇಕು, ಇನ್ನೊಬ್ಬ 90 ಕಿಲೋಮೀಟರ್ ಸೈಕಲ್ ತುಳೀಬೇಕು, ಮೂರನೆಯವನು 21.1 ಕಿಲೋಮೀಟರ್ ಓಡಬೇಕು. ಎಲ್ಲಾ ಸೇರಿಸಿದರೆ 70.3 ಮೈಲಿ, ಹೆಸರು ಬಂದಿದ್ದು ಅದರಿಂದ. ಈಜು 70 ನಿಮಿಷದೊಳಗೆ ಮುಗೀಲಿಲ್ಲ ಅಂದ್ರೆ ಉಳಿದಿಬ್ಬರ ಆಟವೂ ಅಲ್ಲಿಗೇ ಮುಗೀತು. ಒಂದು ತಂಡದ ಈಜುಗಾರ ನಾನು, ಇನ್ನೊಂದು ತಂಡದ್ದು ಭಟ್ಟ.

ಭಟ್ಟನ ಈಜು ನೋಡೋಕೆ ಚಂದ. ಬೆಂಗಳೂರಿನ ಈಜುಕೊಳದಲ್ಲಿ ಎರಡು ವರ್ಷ ದುಡ್ಡು ಕೊಟ್ಟು ಕಲಿತಿದ್ದು. ನೀರು ಚಿಮ್ಮಲ್ಲ, ಸದ್ದಿಲ್ಲ, ನಲವತ್ತು ನಿಮಿಷ ಚಿಲ್ಲರೆಯಲ್ಲಿ 1.9 ಕಿಲೋಮೀಟರ್ ಮುಗಿಸಿಬಿಡ್ತಾನೆ. ನಂದು ತಿಪಟೂರು ಕಡೆ ತೋಟದ ಬಾವಿಯ ಈಜು. ಎರಡು ಒಣಗಿದ ತೆಂಗಿನಕಾಯಿಯ ಸಿಪ್ಪೆ ಸ್ವಲ್ಪ ಸಿಗಿದು, ಒಂದಕ್ಕೊಂದು ಗಂಟು ಹಾಕಿ, ಎದೆ ಕೆಳಗೆ ಇಟ್ಕೊಂಡು ಕೈಕಾಲು ಬಡಿದು ಕಲಿತಿದ್ದು. ಈಗಲೂ ತಲೆ ಎತ್ತಿಕೊಂಡೇ ಈಜ್ತೀನಿ. ಯೂಟ್ಯೂಬಿನ ಗುರುಗಳೆಲ್ಲ ಇದು ತಪ್ಪು ಅಂತಾರೆ.

ಸ್ಪರ್ಧೆಯ ಹಿಂದಿನ ದಿನ ಮೀರಾಮಾರ್ ಬೀಚಿಗೆ ಅಭ್ಯಾಸಕ್ಕೆ ಹೋದೆವು. ಮಾಂಡೋವಿ ನದಿ ಸಮುದ್ರ ಸೇರೋ ಜಾಗ ಅದು. ನೀರು ಕದಡಿತ್ತು. ಭಟ್ಟ ಎದೆಮಟ್ಟದವರೆಗೆ ಹೋಗಿ ಮುಖ ಮುಳುಗಿಸಿದವನು ತಕ್ಷಣ ಎದ್ದ. ಇನ್ನೊಂದು ಸಲ ಮುಳುಗಿಸಿ ಮತ್ತೆ ಎದ್ದ. ಆಮೇಲೆ ಹೊರಗೆ ಬಂದು ಮರಳ ಮೇಲೆ ಕೂತುಬಿಟ್ಟ.

"ತಳ ಕಾಣ್ತಿಲ್ಲ ಮಾರಾಯ" ಅಂದ.

ಈಜುಕೊಳದಲ್ಲಿ ತಳದಲ್ಲೊಂದು ಕಪ್ಪು ಗೆರೆ ಇರುತ್ತೆ, ಅದನ್ನೇ ಹಿಡಿದು ಹೋಗೋದು. ಇಪ್ಪತ್ತೈದು ಮೀಟರಿಗೊಂದು ಗೋಡೆ. ಇಲ್ಲಿ ಗೆರೆಯೂ ಇಲ್ಲ, ಗೋಡೆಯೂ ಇಲ್ಲ. ನಾನು ಎಲ್ಲರೂ ಹೇಳೋದನ್ನೇ ಹೇಳಿದೆ: ಹೆದರಬೇಡ, ಏನೂ ಆಗಲ್ಲ. ಅದು ಸಾಲದು ಅಂತ ನನ್ನ ಕಥೆ ಬೇರೆ ಬಿಚ್ಚಿದೆ. ಎಂಟು ವರ್ಷದವನಿದ್ದಾಗ ಚಿಕ್ಕಪ್ಪ ನನ್ನ ತೆಂಗಿನಕಾಯಿ ಕಿತ್ತಿಟ್ಟು ಬಾವಿಗೆ ತಳ್ಳಿಬಿಟ್ಟ, ಅವತ್ತೇ ಈಜು ಬಂತು, ಭಯ ಅನ್ನೋದು ಹಂಗೇ ಹೋಗೋದು ಅಂತ. ಎಲ್ಲಿ ಈಜಿನ ಮಾತು ಬಂದರೂ ನಾನು ಹೇಳೋ ಕಥೆ ಇದು. ಎಲ್ಲರೂ ನಗ್ತಾರೆ. ಭಟ್ಟ ನಗಲಿಲ್ಲ.

"ನಿಮ್ ಚಿಕ್ಕಪ್ಪ ನಾಳೆ ಬರ್ತಾರಾ?" ಅಂದ.

ರಾತ್ರಿ ಅವನು ಊಟ ಸರಿಯಾಗಿ ಮಾಡಲಿಲ್ಲ. ಎರಡು ಗಂಟೆಗೆ ನನಗೆ ಎಚ್ಚರ ಆದಾಗ ಪಕ್ಕದ ಮಂಚದಲ್ಲಿ ಮೊಬೈಲಿನ ಬೆಳಕು. "ಜೊತೆಗೇ ಈಜ್ತೀಯಾ?" ಅಂತ ಕೇಳಿದ. ಹೂಂ ಅಂದೆ. ನಿದ್ದೆಗಣ್ಣಲ್ಲಿ ಹೂಂ ಅನ್ನೋದು ಸುಲಭ. ನನ್ನ ತಂಡದ ಸೈಕಲ್ಲಿನವನು ಆರು ತಿಂಗಳಿಂದ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ನಂದಿ ಬೆಟ್ಟ ಹತ್ತಿಳಿದಿದ್ದ. ನಾನು 45 ನಿಮಿಷದಲ್ಲಿ ಬರ್ತೀನಿ ಅಂತ ಲೆಕ್ಕ ಹಾಕಿಕೊಂಡಿದ್ದ. ಅವನಿಗೆ ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಇಲ್ಲ, ಹೊಳೀತು. ಬೆಳಿಗ್ಗೆ ಅವನ ಮುಖ ನೋಡಿ ಹೇಳೋಕೆ ಧೈರ್ಯ ಬರಲಿಲ್ಲ.

ಕೆಲವೇ ಸೆಕೆಂಡಿನ ಅಂತರದಲ್ಲಿ ನಾಲ್ಕಾರು ಜನರನ್ನು ನೀರಿಗೆ ಬಿಡ್ತಾ ಹೋಗ್ತಾರೆ. ನಾವಿಬ್ಬರೂ ಒಟ್ಟಿಗೆ ಇಳಿದೆವು. ಮೊದಲ ಇನ್ನೂರು ಮೀಟರ್ ಚೆನ್ನಾಗೇ ಹೋಯ್ತು. ಆಮೇಲೆ ಹಿಂದಿನಿಂದ ಬಂದ ಯಾರದೋ ಕೈ ಭಟ್ಟನ ತಲೆಗೆ ಬಿತ್ತು. ಉಪ್ಪುನೀರು ಬಾಯಿಗೆ ಹೋಯ್ತು. ನಿಂತುಬಿಟ್ಟ. ಕಾಲು ಕೆಳಗೆ ಇಳೀತು, ಕಣ್ಣು ದೊಡ್ಡದಾಯ್ತು. ಉಸಿರು ಎಳೀತಾನೆ, ಎಳೀತಾನೆ, ಬಿಡೋದೇ ಇಲ್ಲ. ಗಾಬರಿಯಾದವರು ಮಾಡೋದೇ ಹಂಗೆ. ಎದೆಯಲ್ಲಿ ಹಳೇ ಗಾಳಿ ತುಂಬಿಕೊಂಡಿರುತ್ತೆ, ಹೊಸದಕ್ಕೆ ಜಾಗ ಇರಲ್ಲ, ಗಾಳಿಯೇ ಸಿಗ್ತಿಲ್ಲ ಅನ್ನಿಸುತ್ತೆ.

"ಬಿಡು, ಉಸಿರು ಬಿಡು, ಊದು" ಅಂತ ಕಿರುಚಿದೆ. "ಅಂಗಾತ ಮಲಕ್ಕೋ."

ಮಲಗಿದ. ಉಪ್ಪುನೀರು ಬಾವಿ ನೀರಿಗಿಂತ ಚೆನ್ನಾಗಿ ತೇಲಿಸುತ್ತೆ, ಅದೊಂದು ಉಪಕಾರ. ನಾನು ಕೈ ಎತ್ತಿ ಕಾಯಕ್ ದೋಣಿಯವನನ್ನು ಕರೆದೆ. ಭಟ್ಟ ಹಿಡ್ಕೊಳ್ಳಲ್ಲ ಅಂದ. ಹಿಡಿದರೆ ಔಟ್ ಮಾಡ್ತಾರೆ ಅಂತ ಅವನ ಭಯ. ಹಂಗಿಲ್ಲ. ದೋಣಿ ನಮ್ಮನ್ನು ಮುಂದಕ್ಕೆ ಎಳ್ಕೊಂಡು ಹೋಗಬಾರದು ಅಷ್ಟೇ, ಹಿಡಿದು ಸುಧಾರಿಸಿಕೊಳ್ಳಬಹುದು. ಹಿಂದಿನ ದಿನವೂ ಹೇಳಿದ್ರು, ಅವನ ಕಿವಿಗೆ ಬಿದ್ದಿರಲಿಲ್ಲ. ದೋಣಿಯ ಹುಡುಗ "ಆರಾಮ್ ಸೇ, ಆರಾಮ್ ಸೇ" ಅಂದ. ಭಟ್ಟ ಹಿಡಿದುಕೊಂಡ.

ನಾನು ಪಕ್ಕದಲ್ಲಿ ಕಾಲು ಆಡಿಸ್ತಾ ನಿಂತೆ. ನೂರಾರು ಜನ ದಾಟಿ ಹೋದರು. ಗಡಿಯಾರ ನೋಡ್ಕೊಂಡೆ, ಸುಳ್ಳು ಯಾಕೆ ಹೇಳಲಿ. ಇನ್ನು ಹೋಗಿಬಿಡ್ಲಾ, ಕಾಯಕ್ ಇದೆಯಲ್ಲ, ಅಂತ ಅನ್ನಿಸಿದ್ದೂ ನಿಜ.

ಆಗ ಬಾವಿ ನೆನಪಾಯ್ತು. ತಳ್ಳಿಸಿಕೊಂಡು ನೀರೊಳಗೆ ಹೋದಾಗ ಕಿವಿಗೆ ಎರಡನೇ ಸಲ 'ದುಡುಂ' ಅಂತ ಕೇಳಿತ್ತು. ನಾನು ಮೇಲೆ ಬರೋ ಹೊತ್ತಿಗೆ ಚಿಕ್ಕಪ್ಪ ಒಂದು ಮಾರು ದೂರದಲ್ಲಿ ನೀರಲ್ಲೇ ಇದ್ದ. ನನ್ನ ಮುಟ್ಟಲಿಲ್ಲ. ಹಿಂದಕ್ಕೆ ಹಿಂದಕ್ಕೆ ಹೋಗ್ತಾ "ಬಾ, ಬಾ, ಇಲ್ಲೇ ಇವ್ನಿ" ಅಂತಿದ್ದ. ಇಷ್ಟು ವರ್ಷ ಆ ಕಥೆ ಹೇಳಿ ಹೇಳಿ ಎರಡನೇ ದುಡುಂ ಎಲ್ಲೋ ಬಿದ್ದುಹೋಗಿತ್ತು.

"ಆ ಬೋಯೆವರೆಗೆ ಮಾತ್ರ" ಅಂದೆ. ಭಟ್ಟ ಉಸಿರಿಗೆ ಬಲಗಡೆ ತಿರುಗೋನು, ಅದಕ್ಕೆ ಅವನ ಬಲಕ್ಕೆ ಬಂದೆ. ಪ್ರತಿ ಸಲ ತಿರುಗಿದಾಗ ನನ್ನ ಮುಖ ಕಾಣಲಿ ಅಂತ. ತಲೆ ಎತ್ತಿ ಈಜೋ ನನ್ನ ಹಳ್ಳಿ ಈಜು ಅವತ್ತು ಕೆಲಸಕ್ಕೆ ಬಂತು. ಬೋಯೆಯೂ ಕಾಣ್ತಿತ್ತು, ಭಟ್ಟನೂ ಕಾಣ್ತಿದ್ದ. ಇಪ್ಪತ್ತು ಕೈ ಬೀಸೋದು, ಸ್ವಲ್ಪ ಹೊತ್ತು ಕಪ್ಪೆ ಈಜು, ಮತ್ತೆ ಇಪ್ಪತ್ತು. ವಾಪಸ್ ಬರುವಾಗ ಅಲೆ ಜೋರಾಗಿ ಇನ್ನೊಂದು ಸಲ ನಿಂತ. ಆದರೆ ಈ ಸಲ ತಾನೇ ಅಂಗಾತ ಮಲಗಿ ಊದಿದ, ನಾನು ಹೇಳಬೇಕಾಗಲಿಲ್ಲ.

ಮರಳು ಕಂಡಿದ್ದೇ ತಡ, ನನ್ಮಗ ನನ್ನನ್ನೇ ಹಿಂದೆ ಹಾಕಿ ಓಡಿದ. ಅವನು 66 ನಿಮಿಷ, ನಾನು ಅವನಿಗಿಂತ ಹನ್ನೊಂದು ಸೆಕೆಂಡ್ ತಡ.

ಸೈಕಲ್ ಹತ್ತಿರ ಹೋಗಿ ಕಾಲಿನ ಚಿಪ್ ಬಿಚ್ಚಿಕೊಟ್ಟೆ. ನಮ್ಮ ಸೈಕಲ್ಲಿನವನು "ಎಲ್ಲಿ ಸತ್ತೋಗಿದ್ಯೋ?" ಅಂದ. ಕನ್ನಡಕದೊಳಗೆ ನೀರು ಹೋಯ್ತು ಅಂದೆ. ವಾಪಸ್ ಬರುವಾಗ ಹುಬ್ಬಳ್ಳಿ ದಾಟೋವರೆಗೂ ಅವನು ನನ್ನ ಜೊತೆ ಮಾತಾಡಲಿಲ್ಲ. ಹಾವೇರಿ ಹತ್ತಿರ ಟೀ ಕುಡಿಯೋವಾಗ ಭಟ್ಟನೇ ಎಲ್ಲ ಹೇಳಿದ. "ನನಗೆ ರಾತ್ರಿನೇ ಹೇಳಿದ್ರೆ ಆಗ್ತಿತ್ತಲ್ಲ" ಅಂದ ಸೈಕಲ್ಲಿನವನು, ಅಷ್ಟೇ. ಅವನ ಮಾತು ಸರಿ. ಅವನ ಆರು ತಿಂಗಳನ್ನು ನಾನು ಕೇಳದೆ ಖರ್ಚು ಮಾಡಿದ್ದೆ.

ಮುಂದಿನ ಭಾನುವಾರ ಊರಿಗೆ ಫೋನ್ ಮಾಡಿದಾಗ ಚಿಕ್ಕಪ್ಪನಿಗೆ ಫೋನ್ ಕೊಡಿಸಿಕೊಂಡು, ಅವತ್ತು ನನ್ನ ಹಿಂದೇನೇ ಬಾವಿಗೆ ಹಾರಿದ್ದು ಹೌದಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಹೂಂ ಕಣ್ಲಾ. ಅಂಗಿನೂ ಬಿಚ್ಚಿರ್ಲಿಲ್ಲ. ಜೇಬಲ್ಲಿದ್ದ ಹೊಸ ಬೀಡಿ ಕಟ್ಟು ಪೂರ್ತಿ ನೆಂದೋಯ್ತು" ಅಂದರು.