ರಾಡು ಎಣಿಸಿದ ರಾತ್ರಿ

ಬೋರ್‌ವೆಲ್ ಲಾರಿ ಹಳ್ಳಿಗೆ ಬರುವುದು ಸಾಮಾನ್ಯವಾಗಿ ಕತ್ತಲಾದ ಮೇಲೆಯೇ. ಇದಕ್ಕೆ ಶಾಸ್ತ್ರ, ಮುಹೂರ್ತ ಏನೂ ಇಲ್ಲ. ಹಗಲೆಲ್ಲ ಇನ್ನೊಬ್ಬರ ಹೊಲದಲ್ಲಿ ಕೊರೆದು, ಅಲ್ಲಿಯ ಸಾಮಾನು ಎತ್ತಿ ಕಟ್ಟಿ, ಕೆಲಸದ ಹುಡುಗರು ಒಂದಿಷ್ಟು ಅನ್ನ ಬೇಯಿಸಿಕೊಂಡು ಉಣ್ಣುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. 2024ರ ಮಾರ್ಚ್ ತಿಂಗಳಲ್ಲಿ, ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಸಣ್ಣ ಊರಿಗೂ ಹಾಗೆಯೇ ರಾತ್ರಿ ಎಂಟರ ಹೊತ್ತಿಗೆ ಎರಡು ಲಾರಿಗಳು ಬಂದವು. ಒಂದರ ಮೇಲೆ ಮಲಗಿಸಿದ ಕಬ್ಬಿಣದ ಕಂಬ. ಇನ್ನೊಂದರ ಮೇಲೆ ಸೌದೆ ಪೇರಿಸಿದಂತೆ ಪೇರಿಸಿದ ರಾಡುಗಳು.

ಅದು ಎರಡೆಕರೆ ಅಡಕೆ ತೋಟದ ಮನೆ. ಯಜಮಾನರಿಗೆ ಐವತ್ತು ದಾಟಿದೆ. ಮಗ ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಎರಡನೆಯ ವರ್ಷ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ವರದಾ, ದಂಡಾವತಿ, ಕುಮುದ್ವತಿ ಎಂದು ಮೂರು ಹೊಳೆಗಳ ಹೆಸರು ಹೇಳುವ ಸೀಮೆಯಲ್ಲಿ ಅಡಕೆ ಮರದ ಸೋಗೆ ಹಳದಿಗೆ ತಿರುಗಿತ್ತು. ತೋಟ ಉಳಿಯಬೇಕಾದರೆ ನೀರು ಬೇಕು, ನೀರಿಗೆ ಬೋರು ಬೇಕು, ಬೋರಿಗೆ ಸಾಲ ಬೇಕು. ಸಾಲ ಸಿಕ್ಕಿತ್ತು.

ಈ ಸೀಮೆಗೆ ನೀರಿನ ಚಿಂತೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಕದಂಬರ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನೇ ಹೇಳುತ್ತದೆ. ಅದು ಐದನೆಯ ಶತಮಾನದ ಮಾತು. ಆಗ ನೀರನ್ನು ನೆಲದ ಮೇಲೆ ನಿಲ್ಲಿಸುತ್ತಿದ್ದರು. ಈಗ ನೆಲದ ಒಳಗೆ ಹುಡುಕಿಕೊಂಡು ಹೋಗುತ್ತಾರೆ. ಗಟ್ಟಿ ಬಂಡೆಯನ್ನು ಗಾಳಿಯ ಒತ್ತಡದಿಂದ ಬೇಗ ಕೊರೆಯುವ ಯಂತ್ರಗಳು ಈ ದೇಶದಲ್ಲಿ ಹೆಸರಾದದ್ದು 1966-67ರ ಬಿಹಾರದ ಬರಗಾಲದ ನಂತರ. 1967ರಲ್ಲಿ ಯುನಿಸೆಫ್ ಸಂಸ್ಥೆ ಅವನ್ನು ವಿಮಾನದಲ್ಲಿ ತರಿಸಿತ್ತು. ಇಂದು ಕರ್ನಾಟಕದ ಹಳ್ಳಿಗಳಲ್ಲಿ ಓಡಾಡುವ ಇಂಥ ಲಾರಿಗಳಲ್ಲಿ ಬಹಳಷ್ಟರ ತವರು ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ತಿರುಚೆಂಗೋಡು.

ಮೊದಲ ಜಗಳ ಜಾಗದ್ದು. ನೀರು ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ಸುತ್ತಿ, ಕಾಯಿ ನೆಟ್ಟಗೆ ನಿಂತ ಕಡೆ ಗೂಟ ಹೊಡೆದು ಹೋಗಿದ್ದರು. ಡ್ರಿಲ್ಲರ್ ಟಾರ್ಚು ಬಿಟ್ಟು ಮೇಲೆ ನೋಡಿದ. ಗೂಟದ ನೇರಕ್ಕೆ ಪಂಪ್‌ಸೆಟ್ಟಿನ ಕರೆಂಟು ತಂತಿ.

“ಇಲ್ಲಿ ಆಗಲ್ಲ ಸಾರ್. ಕಂಬ ಎತ್ತಿದ್ರೆ ಹುಡುಗರು ಸತ್ತು ಹೋಗ್ತಾರೆ,” ಎಂದ ತನ್ನ ತಮಿಳು ಬೆರೆತ ಕನ್ನಡದಲ್ಲಿ.

“ಒಂದಡಿನೂ ಆಚೀಚೆ ಮಾಡಬೇಡಿ ಅಂದಿದಾರೆ ಮಾರಾಯ,” ಎಂದರು ಯಜಮಾನರು.

ಒಳಗಿನಿಂದ ಬಂದ ಅಜ್ಜಿ ತೀರ್ಪು ಕೊಟ್ಟರು: “ಪಾತಾಳದಿಂದ ಬರೋ ಗಂಗವ್ವಂಗೆ ಹತ್ತು ಹೆಜ್ಜೆ ಆಚೆ ಬರೋದು ಕಷ್ಟನೇನೋ? ಆಚೆ ಹೊಡೀರಿ.” ಗೂಟ ಹತ್ತು ಹೆಜ್ಜೆ ಆಚೆ ಹೋಯಿತು. ಎತ್ತಿದ ಕಂಬ ವಿದ್ಯುತ್ ತಂತಿಗೆ ತಗುಲಿ ಕೆಲಸಗಾರರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅಜ್ಜಿ ಅದನ್ನು ಓದಿದವರಲ್ಲ. ಆದರೂ ಆ ಹೊತ್ತಿಗೆ ಬೇಕಾದ ಬುದ್ಧಿ ಅವರಲ್ಲಿತ್ತು.

ಲಾರಿಯ ನಾಲ್ಕು ಕಾಲುಗಳು ನೆಲ ಊರಿದವು. ಕಂಬ ನಿಧಾನವಾಗಿ ಎದ್ದು ನಿಂತಿತು. ನಿಂಬೆಹಣ್ಣು, ಕುಂಕುಮ, ಊದುಬತ್ತಿ ಆದವು. ಕಂಪ್ರೆಸರ್ ಶುರುವಾದದ್ದೇ ಸರಿ, ಆಮೇಲೆ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಮೊದಲ 80 ಅಡಿ ಜಂಬಿಟ್ಟಿಗೆ ಮತ್ತು ಸಡಿಲ ಮಣ್ಣು. ಅದು ಕುಸಿಯದಂತೆ ಕೇಸಿಂಗ್ ಪೈಪು ಇಳಿಸಿದರು. ಅದರ ಲೆಕ್ಕವೇ ಬೇರೆ. ಯಜಮಾನರ ಮುಖ ಅಲ್ಲಿಗೇ ಅರ್ಧ ಬಾಡಿತ್ತು. ಬಂಡೆ ಸಿಕ್ಕಿದ ಮೇಲೆ ನಿಜವಾದ ಕೆಲಸ ಶುರುವಾಯಿತು.

ಇಲ್ಲಿ ರಾಡಿನ ವಿಷಯ ಸ್ವಲ್ಪ ಹೇಳಬೇಕು. ರಾಡು ಎಂದು ಕರೆದರೂ ಅದು ಟೊಳ್ಳು ಕೊಳವೆ. 20 ಅಡಿ ಉದ್ದ, ನಾಲ್ಕೂವರೆ ಅಂಗುಲ ದಪ್ಪ, ತೂಕ ನೂರು ಕಿಲೋದ ಆಸುಪಾಸು. ಕಂಪ್ರೆಸರಿನ ಗಾಳಿ ಈ ಕೊಳವೆಯೊಳಗಿಂದ ಇಳಿದು ತಳದ ಹ್ಯಾಮರನ್ನು ಕುಟ್ಟಿಸುತ್ತದೆ. ಪುಡಿಯಾದ ಕಲ್ಲನ್ನು ಅದೇ ಗಾಳಿ ರಾಡಿನ ಹೊರಮೈಗುಂಟ ಮೇಲಕ್ಕೆ ಊದಿ ತರುತ್ತದೆ. 20 ಅಡಿ ಇಳಿದ ಕೂಡಲೇ ಯಂತ್ರ ನಿಲ್ಲಬೇಕು. ಗುಂಡಿಯೊಳಗಿನ ರಾಡು ಜಾರದಂತೆ ಅದರ ಕುತ್ತಿಗೆಗೆ ದೊಡ್ಡ ಸ್ಪ್ಯಾನರ್ ಸಿಕ್ಕಿಸಬೇಕು. ಪಕ್ಕದ ಲಾರಿಯ ಮೇಲಿರುವ ಹುಡುಗ ಹೊಸ ರಾಡಿನ ತುದಿಗೆ ಎತ್ತುವ ಕ್ಯಾಪ್ ತಿರುಗಿಸಬೇಕು. ವಿಂಚಿನ ತಂತಿಹಗ್ಗ ಅದನ್ನು ಮೇಲೆಳೆಯುತ್ತದೆ. ತೂಗಾಡುವ ಅದರ ಬುಡವನ್ನು ಕೆಳಗೆ ನಿಂತವನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ನೇರಕ್ಕೆ ತಂದು ಕೂರಿಸಬೇಕು. ಥ್ರೆಡ್ಡಿಗೆ ಗ್ರೀಸು, ಎರಡು ಸುತ್ತು, ಸ್ಪ್ಯಾನರ್ ಹೊರಕ್ಕೆ, ಮತ್ತೆ ಅಬ್ಬರ. ಕೈ ಪಳಗಿದವರಿಗೆ ಇಷ್ಟಕ್ಕೆಲ್ಲ ಒಂದೆರಡು ನಿಮಿಷ ಸಾಕು.

ಮಗ ಪ್ರತಿ ರಾಡಿಗೆ ಒಂದೊಂದು ಅಡಕೆ ತೆಗೆದಿಡುತ್ತಾ ಕುಳಿತ. ಅಪ್ಪ ಎಣಿಸುತ್ತಿದ್ದುದು ದುಡ್ಡು. ಹತ್ತು ಅಡಕೆಗೆ 200 ಅಡಿ, ಬರೀ ಬೂದಿಯಂಥ ಧೂಳು. ಹದಿನೈದಕ್ಕೆ 300.

“ಮುಂದೆ ಹೋಗ್ಲಾ ಸಾರ್?”

ಈ ಪ್ರಶ್ನೆಗೆ ಉತ್ತರ ಕೊಡುವ ಕಷ್ಟ ಕೊರೆಸಿದವರಿಗೇ ಗೊತ್ತು. ನಿಲ್ಲಿಸಿದರೆ ಸುರಿದದ್ದೆಲ್ಲ ಹೋಯಿತು, ಮುಂದುವರಿದರೆ ಇನ್ನಷ್ಟು ಹೋದೀತು. ಯಜಮಾನರು ಅಜ್ಜಿಯ ಮುಖ ನೋಡಿದರು, ಮಗನ ಮುಖ ನೋಡಿದರು, ಕೊನೆಗೆ ಕೈ ಬೀಸಿ “ಹೋಗಲಿ” ಎಂದರು. ಹದಿನೇಳನೆಯ ಅಡಕೆಗೆ ಧೂಳು ಒದ್ದೆಯಾಯಿತು. ಹತ್ತೊಂಬತ್ತಕ್ಕೆ ಕೆಸರು ಚಿಮ್ಮಿತು. ಇಪ್ಪತ್ತೊಂದಕ್ಕೆ, ಅಂದರೆ 420 ಅಡಿಗೆ, ಒಂದೂವರೆ ಇಂಚು ನೀರು ಎಂದು ಡ್ರಿಲ್ಲರ್ ಬೆರಳು ತೋರಿಸಿದ. ಯಜಮಾನರು ಕೆಸರನ್ನೇ ಅಂಗೈಯಲ್ಲಿ ಹಿಡಿದು ತಲೆಗೆ ಸವರಿಕೊಂಡರು.

ನೀರು ಬಂದ ಮೇಲೆ ಮನೆಯವರೆಲ್ಲ ಚಹಾ ಕುಡಿಯಲು ಹೋದರು. ಕೆಲಸದ ಹುಡುಗರಿಗೆ ಮಾತ್ರ ಅರ್ಧ ಕೆಲಸ ಬಾಕಿ. ಇಳಿದ 21 ರಾಡೂ ಮೇಲೆ ಬರಬೇಕಲ್ಲ! ಬಂಡೆಯಲ್ಲಿ ಗಂಟೆಗಟ್ಟಲೆ ಕುಟ್ಟಿಸಿಕೊಂಡ ಕೀಲುಗಳು ಬಿಗಿದುಕೊಂಡಿರುತ್ತವೆ. ಸ್ಪ್ಯಾನರ್ ಹಾಕಿ, ಯಂತ್ರವನ್ನು ಹಿಂದಕ್ಕೆ ತಿರುಗಿಸಿ, ಜರ್ಕು ಕೊಟ್ಟು ಬಿಡಿಸಬೇಕು. ಆಗ ಸ್ಪ್ಯಾನರಿಗೂ ಕಂಬಕ್ಕೂ ನಡುವೆ ಕೈ ಇದ್ದರೆ ಮುಗಿಯಿತು. ಬೆಳಗಿನ ಜಾವ ಮೂರು ಗಂಟೆ. ಅಷ್ಟು ಹೊತ್ತಿಗೆ ಒದ್ದೆ ಗ್ರೀಸು, ನಿದ್ದೆಗಣ್ಣು, ಕಿವಿ ಕೆಪ್ಪಾಗಿಸುವ ಸದ್ದು. ಆರನೆಯ ರಾಡು ಮೇಲೇಳುವಾಗ ಡ್ರಿಲ್ಲರ್ ಒಮ್ಮೆಲೇ ಲಿವರ್ ಬಿಟ್ಟು ಕಿರುಚಿದ. ಎತ್ತುವ ಕ್ಯಾಪ್ ಎರಡೇ ಸುತ್ತು ಕೂತಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ನೂರು ಕಿಲೋ ಕಬ್ಬಿಣ ಕೆಳಗೆ ನಿಂತವನ ಮೇಲೆ ಬೀಳುತ್ತಿತ್ತು. ಕೆಳಗೆ ನಿಂತವನು ಹಿಂದೆ ಸರಿದು, ಮುಖ ಒರೆಸಿಕೊಂಡು, ಏನೂ ಆಗದವನಂತೆ ಮತ್ತೆ ಬಂದು ನಿಂತ.

ಕೆಲಸ ಮುಗಿದಾಗ ಅಜ್ಜಿ ಅವಲಕ್ಕಿ ಕೊಟ್ಟರು. ತಟ್ಟೆಗೆ ಚಾಚಿದ ಆ ಹುಡುಗನ ಬಲಗೈಯನ್ನು ಮಗ ಆಗ ನೋಡಿದ. ಎರಡು ಬೆರಳುಗಳ ತುದಿ ಇರಲಿಲ್ಲ.

“ಎಂಥದಾತೋ ಮಗಾ ಇದು?” ಎಂದರು ಅಜ್ಜಿ. ಅವನು ಛತ್ತೀಸ್‌ಗಢದವನು, ಕನ್ನಡ ಅಷ್ಟಕ್ಕಷ್ಟೆ. “ಸ್ಪ್ಯಾನರ್, ಅಜ್ಜಿ. ಬೇರೆ ಗಾಡಿ. ಎರಡು ವರ್ಷ ಆಯ್ತು,” ಎಂದು ನಕ್ಕ. ವಯಸ್ಸು ಕೇಳಿದರೆ ಇಪ್ಪತ್ತು. ಮಗನಿಗೂ ಆ ತಿಂಗಳೇ ಇಪ್ಪತ್ತು ತುಂಬಿತ್ತು.

ಲಾರಿ ಶಿಕಾರಿಪುರದ ಕಡೆಗೆ ಹೊರಟು ಹೋಯಿತು. ಮಗ ಅಡಕೆಗಳನ್ನು ಮತ್ತೆ ಎಣಿಸಿದ. 21 ರಾಡು, ಇಳಿಸುವಾಗ ಒಮ್ಮೆ, ಎತ್ತುವಾಗ ಒಮ್ಮೆ, ಒಟ್ಟು 42 ಸಲ. ಸಲಕ್ಕೆ ನೂರು ಕಿಲೋ ಎಂದರೆ ನಾಲ್ಕು ಟನ್ನಿಗೂ ಹೆಚ್ಚು ಕಬ್ಬಿಣ ಒಂದೇ ರಾತ್ರಿಯಲ್ಲಿ ಆ ಎಂಟು ಬೆರಳುಗಳ ಪಕ್ಕದಲ್ಲಿ ಹಾದುಹೋಗಿದೆ. ತೂಕ ಎತ್ತುವುದು ವಿಂಚೇ ಆದರೂ ದಿಕ್ಕು ತೋರುವುದು ಕೈ.

ಕಾಲೇಜಿಗೆ ಮರಳಿದವನಿಗೆ ಒಂದೇ ಪ್ರಶ್ನೆ: ಇದನ್ನು ಯಂತ್ರ ಯಾಕೆ ಮಾಡುವುದಿಲ್ಲ? ಮಾಡುತ್ತದೆ ಎಂದು ಪುಸ್ತಕಗಳು ಹೇಳಿದವು. ತೈಲ ಬಾವಿ ಕೊರೆಯುವ ದೊಡ್ಡ ಗೋಪುರಗಳಲ್ಲಿ ಕೊಳವೆಯ ಕೀಲು ಬಿಗಿಯುವ, ಬಿಚ್ಚುವ ಕೆಲಸಕ್ಕೆ 1970ರ ದಶಕದಲ್ಲೇ ಯಂತ್ರ ಬಂದಿದೆ. ಅದರ ಹೆಸರು ‘ಐರನ್ ರಫ್‌ನೆಕ್’, ಅಂದರೆ ಕಬ್ಬಿಣದ ಕೂಲಿಯಾಳು. ಅಲ್ಲಿ 30 ಅಡಿಯ ಮೂರು ಕೊಳವೆಗಳನ್ನು ಜೋಡಿಸಿ 90 ಅಡಿಯ ಒಂದೇ ಉದ್ದಕ್ಕೆ ಗೋಪುರದಲ್ಲಿ ನಿಲ್ಲಿಸಿಕೊಂಡಿರುತ್ತಾರೆ. ಆದ್ದರಿಂದ ಕೀಲು ಬಿಚ್ಚುವ ಸರದಿ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಲಾರಿಯ ಮೇಲಿನ ಯಂತ್ರಗಳಿಗೂ ಸೌಕರ್ಯ ಉಂಟು. ಕಂಬದ ಪಕ್ಕದಲ್ಲೇ ರಾಡುಗಳನ್ನು ಗುಂಡಗೆ ನಿಲ್ಲಿಸಿ, ಒಂದೊಂದಾಗಿ ತಿರುಗಿಸಿ ಮುಂದಕ್ಕೆ ಕೊಡುವ ತೊಟ್ಟಿಲು, ರಾಡನ್ನು ಹಿಡಿದು ತಂದು ಕೂರಿಸುವ ತೋಳು, ಕೀಲು ಬಿಚ್ಚುವ ಹೈಡ್ರಾಲಿಕ್ ಸಿಲಿಂಡರ್. ಇಂಥವು ಇರುವ ಲಾರಿಗಳು ಭಾರತದಲ್ಲೂ ತಯಾರಾಗುತ್ತವೆ.

ಹಾಗಾದರೆ ಅಪ್ಪನ ತೋಟಕ್ಕೆ ಬಂದ ಲಾರಿಯಲ್ಲಿ ಯಾಕಿರಲಿಲ್ಲ? ಆ ಉತ್ತರ ಸಿಕ್ಕಿದ್ದು ಮಾದರಿ ಮಾಡಲು ಕುಳಿತಾಗ. ಎರಡನೆಯ ವರ್ಷದ ಪ್ರಾಜೆಕ್ಟಿಗೆ ಅವನೂ ಗೆಳೆಯರಿಬ್ಬರೂ ಇಂಜೆಕ್ಷನ್ ಸಿರಿಂಜುಗಳಿಗೆ ನೀರು ತುಂಬಿ, ಆ ಒತ್ತಡದಿಂದ ಏಳುವ ಒಂದು ತೋಳು ಕಟ್ಟಿದರು. ಅದನ್ನು ಹಲಗೆಯ ಪುಟ್ಟ ಲಾರಿಯ ಮೇಲೆ ಕೂರಿಸಿದರು. ತೋಳು ಪಿವಿಸಿ ತುಂಡನ್ನು ಚೆನ್ನಾಗಿಯೇ ಹಿಡಿಯಿತು, ಎತ್ತಿತು. ಎತ್ತಿದ ಕೂಡಲೇ ಲಾರಿಯೇ ಪಕ್ಕಕ್ಕೆ ಮಗುಚಿತು. ಭಾರ ಸರಿದೂಗಿಸಲು ಇನ್ನೊಂದು ಕಡೆ ಕಬ್ಬಿಣ ಕಟ್ಟಿದರು. ಲಾರಿ ನಿಂತಿತು, ಆದರೆ ಮೊದಲಿನ ಒಂದೂವರೆ ಪಟ್ಟು ತೂಗಿತು. ಅಗಲ ಹೆಚ್ಚಿಸಿದರು. ಆಗ ಮಾಸ್ತರು ಬಂದು ನೋಡಿ ಒಂದೇ ಮಾತು ಕೇಳಿದರು: “ಇದು ನಿಮ್ಮೂರ ತೋಟದ ದಾರೀಲಿ ಹೋಗುತ್ತೇನಪ್ಪಾ?”

ಹೋಗುವುದಿಲ್ಲ. ಬೇಲಿ, ಬಸಿಗಾಲುವೆ, ಕೆಮ್ಮಣ್ಣಿನ ಇಕ್ಕಟ್ಟು ದಾರಿ. ಅಲ್ಲಿಯವರೆಗೆ ಹೋಗಬೇಕಾದ ಯಂತ್ರ ಚಿಕ್ಕದಿರಬೇಕು. ಚಿಕ್ಕದೆಂದರೆ ಕಂಬ ಗಿಡ್ಡ. ಕಂಬ ಗಿಡ್ಡವಾದರೆ ರಾಡೂ ಗಿಡ್ಡ. ರಾಡು ಗಿಡ್ಡವಾದಷ್ಟೂ ಕೀಲು ಹೆಚ್ಚು, ಕೀಲು ಹೆಚ್ಚಿದಷ್ಟೂ ಕೈ ಹಾಕುವ ಸರದಿ ಹೆಚ್ಚು. ತಿರುಗಾಡುವ ಯಂತ್ರಕ್ಕೆ ತೋಳಿನ ಅಗತ್ಯ ಹೆಚ್ಚು, ಆದರೆ ತೋಳು ಹೊರುವ ಶಕ್ತಿ ಕಡಿಮೆ. ಅದರ ಮೇಲೆ ಅಡಿಗೆ ಇಷ್ಟು ಎಂದು ಪೈಪೋಟಿಯಲ್ಲಿ ಇಳಿಸುವ ದರ. ತೋಳಿಗೆ ಹಾಕುವ ದುಡ್ಡು ಆ ದರದಲ್ಲಿ ಹುಟ್ಟಬೇಕು. ಈ ಲೆಕ್ಕ ಯಾವ ಪಠ್ಯದಲ್ಲೂ ಹೀಗೆ ಒಂದೇ ಕಡೆ ಬರೆದಿರಲಿಲ್ಲ.

ಮಾಸ್ತರ ಸಲಹೆಯಂತೆ ಹುಡುಗರು ದೊಡ್ಡ ಆಸೆ ಬಿಟ್ಟರು. ಇಡೀ ತೋಳಿನ ಬದಲು ಎರಡೇ ಸಂಗತಿ ಉಳಿಸಿಕೊಂಡರು. ಸ್ಪ್ಯಾನರನ್ನು ಕೈಯಿಂದ ತಳ್ಳದೆ ಲಿವರಿನಿಂದ ಒಳಕ್ಕೆ ಹೊರಕ್ಕೆ ಸರಿಸುವ ಒಂದು ಜಾರುಪಟ್ಟಿ. ರಾಡಿನ ಬುಡವನ್ನು ಅಪ್ಪಿ ಹಿಡಿಯುವ ಬದಲು ದೂರದಿಂದಲೇ ನೇರಕ್ಕೆ ತರುವ ಉದ್ದ ಹಿಡಿಯ ಕೊಕ್ಕೆ. ತೂಕ ಅಷ್ಟೇನಿಲ್ಲ. ಇದೇನು ಜಗತ್ತಿಗೆ ಹೊಸ ಶೋಧವಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಆದರೆ ಬೇರೆ ಯಾರದೋ ಪ್ರಾಜೆಕ್ಟ್ ನಕಲು ಮಾಡಿ ಕೊಡುವುದು ಬಿಟ್ಟು, ಕಣ್ಣಾರೆ ಕಂಡ ಒಂದು ಕೈಗಾಗಿ ಅವರು ಎರಡು ತಿಂಗಳು ಕುಳಿತಿದ್ದರು.

ಮೇ ತಿಂಗಳಲ್ಲಿ ಮಾದರಿ ಮನೆಗೆ ಬಂತು. ಹೊಸ ಬೋರಿನ ನೀರು ತೋಟಕ್ಕೆ ಹರಿಯುತ್ತಿತ್ತು. ಜಗಲಿಯಲ್ಲಿ ಮಗ ಲಿವರ್ ಒತ್ತಿ ತೋರಿಸಿದ. ಅಜ್ಜಿ ಮಗುವಿನ ಆಟ ನೋಡಿದಂತೆ ನೋಡಿದರು. ಅಪ್ಪ ಮಾತ್ರ ಎರಡು ಸಲ ಮಾಡಿಸಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

“ಇದೆಲ್ಲ ಬಂದ್ರೆ ಆ ಹುಡುಗನಿಗೆ ಕೆಲಸ ಇರುತ್ತೇನೋ?”

“ಲಿವರ್ ಎಳಿಯೋಕೆ ಒಬ್ಬ ಬೇಕೇ ಬೇಕು ಅಪ್ಪಯ್ಯ. ಆದರೆ ಈಗಿನಷ್ಟು ಜನ ಬೇಕಾಗಲ್ಲ.”

“ಹಂಗಾದ್ರೆ ಲಿವರ್ ಎಳಿಯೋದನ್ನ ಅವನಿಗೇ ಕಲಿಸ್ಬೇಕು. ಅದನ್ನೂ ಬರೆದಿದೀಯೇನು ಅದರಲ್ಲಿ?”

ಬರೆದಿರಲಿಲ್ಲ. ಪ್ರಾಜೆಕ್ಟ್ ವರದಿಯ ಕೊನೆಯ ಹಾಳೆ ಖಾಲಿ ಇತ್ತು. ಅಂದು ರಾತ್ರಿ ಮಗ ಊಟವಾದ ಮೇಲೆ ಅದನ್ನು ತೆಗೆದು, ಅಪ್ಪ ಕೇಳಿದ ಪ್ರಶ್ನೆಯನ್ನು ಮೊದಲ ಸಾಲಿನಲ್ಲಿ ಬರೆದುಕೊಂಡು, ಉತ್ತರಕ್ಕೆ ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದ.