ಗುರಿ ತಪ್ಪಿದ ಏಟು

ಸೋಲು ಯಾರಿಗೂ ಸಿಹಿಯಲ್ಲ. ಆದರೂ ತನಗಿಂತ ಬಲ್ಲವನ ಕೈಯಲ್ಲಿ ಸೋತವನಿಗೆ ಒಂದು ಸಮಾಧಾನವಿರುತ್ತದೆ. ದಾಳದ ಕೈಯಲ್ಲಿ ಸೋತವನಿಗೆ ಅದೂ ಇಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಅಳಲಿಗೇ ಮೀಸಲಾದ ಸೂಕ್ತವೊಂದುಂಟು. ಅಷ್ಟು ಪುರಾತನವಾದ ಆ ಅಳಲು ಇಂದು ನಮ್ಮ ಮಕ್ಕಳ ಕೈಯ ಮೊಬೈಲಿನೊಳಗೆ ಬಂದು ಕುಳಿತಿದೆ.

ಕಳೆದ ಬೇಸಿಗೆ ರಜೆಯಲ್ಲಿ ನಾವು ಬಂಟ್ವಾಳದ ಬಂಧುಗಳ ಮನೆಯಲ್ಲಿ ಕೆಲವು ದಿನ ತಂಗಿದ್ದೆವು. ಆ ಮನೆಯ ಹನ್ನೆರಡು ವರ್ಷದ ಬಾಲಕ ಯುದ್ಧದ ಆಟವೊಂದರಲ್ಲಿ ಮುಳುಗಿದ್ದ. ಆ ಆಟದಲ್ಲಿ ಏಟು ತಾಗುವುದು ಕೈಚಳಕದಿಂದಲ್ಲ. ಚೀಟಿ ಎತ್ತಿದಂತೆ ಯಂತ್ರವು ಒಳಗೇ ಒಂದು ಸಂಖ್ಯೆಯನ್ನೆತ್ತಿ ತೀರ್ಮಾನಿಸುತ್ತದೆ. ತಾಗುವ ಸಂಭವ ಶೇಕಡಾ 95 ಎಂದು ಪರದೆ ತೋರಿಸಿತು, ಏಟು ತಪ್ಪಿತು, ದಿನಗಟ್ಟಲೆ ಬೆಳೆಸಿದ ವೀರ ಮಡಿದ. “ಅಜ್ಜಾ, ಇದು ಶುದ್ಧ ಮೋಸ! ಬೇಕೆಂದೇ ನನ್ನನ್ನು ಸೋಲಿಸುತ್ತದೆ” ಎಂದು ಹುಡುಗ ಮೊಬೈಲನ್ನು ಹಾಸಿಗೆಯ ಮೇಲೆಸೆದ. “ಆಟಕ್ಕೆ ಯಾರಾದರೂ ಅಳುತ್ತಾರೆಯೇ?” ಎಂದು ತಾಯಿ ಗದರಿದಳು. ನಮಗೆ ಗದರುವ ಮನಸ್ಸಾಗಲಿಲ್ಲ.

ಇಪ್ಪತ್ತು ಹುಣಸೆಬೀಜಗಳನ್ನು ತರಿಸಿ, ಒಂದಕ್ಕೆ ಸುಣ್ಣ ಹಚ್ಚಿ ಒಣಗಿಸಿ, ಚೀಲಕ್ಕೆ ಹಾಕಿದೆವು. “ಬಿಳಿಯ ಬೀಜವೇ ತಪ್ಪಿದ ಏಟು. ನೋಡದೆ ಎತ್ತು, ಮತ್ತೆ ಒಳಗೆ ಹಾಕು, ಹೀಗೆ ಇಪ್ಪತ್ತು ಸಲ” ಎಂದೆವು. ಆರನೆಯ ಸಲಕ್ಕೆ ಬಿಳಿಯ ಬೀಜ ಬಂತು. ಒಂಬತ್ತನೆಯ ಸಲಕ್ಕೆ ಮತ್ತೆ ಬಂತು. ಹುಡುಗನಿಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತು ಏಟುಗಳಲ್ಲಿ ಒಂದೂ ತಪ್ಪದಿರುವ ಸಂಭವ ಕೇವಲ ಶೇಕಡಾ 36 ಎಂಬುದನ್ನು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆವು. ಒಮ್ಮೆ ತಪ್ಪಿತೆಂದು ಮುಂದಿನದು ತಾಗಲೇಬೇಕೆಂಬ ನಿಯಮವೂ ಇಲ್ಲ, ಬೀಜಕ್ಕೆ ನೆನಪಿಲ್ಲ.

ಆದರೆ ಮನಸ್ಸು 95ನ್ನು 100 ಎಂದೇ ಓದಿಕೊಳ್ಳುತ್ತದೆ. ಆಟ ತಯಾರಿಸುವವರೂ ಇದನ್ನು ಬಲ್ಲರು. ಜಪಾನಿನ ‘ಫೈರ್ ಎಂಬ್ಲೆಮ್’ ಸರಣಿಯಲ್ಲಿ 2002ರ ಆಟದಿಂದ ಒಂದರ ಬದಲು ಎರಡು ಸಂಖ್ಯೆಗಳನ್ನೆತ್ತಿ ಸರಾಸರಿ ನೋಡುವ ಕ್ರಮ ಬಂದಿತು. ಅದರಲ್ಲಿ 90 ಎಂದು ಕಂಡರೆ ನಿಜವಾದ ಸಂಭವ 98! ಸತ್ಯವನ್ನು ತಾಳದ ಮನಸ್ಸಿಗೆ ಒಪ್ಪುವಂತೆ ಲೆಕ್ಕವನ್ನೇ ಬಾಗಿಸಿದರು.

ಹಾಗಾದರೆ ದಾಳವೇ ಇಲ್ಲದ ಆಟದಲ್ಲಿ ಕೋಪವಿಲ್ಲವೇ? ತುಳುನಾಡಿನ ಚೆನ್ನೆಮಣೆಗೆ 14 ಗುಳಿಗಳು. ದಾಳವಿಲ್ಲ, ಆಕಸ್ಮಿಕಕ್ಕೆ ಎಡೆಯಿಲ್ಲ. ಆದರೂ ಸಿರಿ ಪಾಡ್ದನದಲ್ಲಿ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳಕ್ಕಿಳಿದು, ಅಬ್ಬಗ ಆ ಮಣೆಯಿಂದಲೇ ದಾರಗಳನ್ನು ಹೊಡೆದು ಕೊಲ್ಲುತ್ತಾಳೆ, ಕೊನೆಗೆ ತಾನೂ ಬಾವಿಗೆ ಹಾರುತ್ತಾಳೆ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಈ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರೊಡಗೂಡಿ 1990ರಲ್ಲಿ ದಾಖಲಿಸಿದರು; 1998ರಲ್ಲಿ ಅದು ಗ್ರಂಥರೂಪದಲ್ಲಿ ಹೊರಬಂದಿತು. ಕೋಪವಿರುವುದು ದಾಳದಲ್ಲಲ್ಲ, ಗೆಲುವು ತನಗೆ ಸಲ್ಲಲೇಬೇಕಾದ ಸಾಲವೆಂಬ ಭಾವನೆಯಲ್ಲಿ.

ಬಾಲಕನ ಆಟ ಮುಂದೆ ಬಾಳಾಗುತ್ತದೆ. ಅದೇ ಪ್ರವಾಸದಲ್ಲಿ ಮೂಡುಬಿದಿರೆಯ ಸಮೀಪ ಪರಿಚಿತ ಅಡಕೆ ಕೃಷಿಕರೊಬ್ಬರನ್ನು ಕಂಡೆವು. ಹಿಂದಿನ ಮಳೆಗಾಲದಲ್ಲಿ ಅವರು ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು ಮಳೆಗೆ ಮುನ್ನ ಒಮ್ಮೆ, ನಲವತ್ತು ದಿನಗಳ ತರುವಾಯ ಮತ್ತೊಮ್ಮೆ ತಪ್ಪದೆ ಸಿಂಪಡಿಸಿದ್ದರು. ಮಳೆ ಬಿಡುವು ಕೊಡಲಿಲ್ಲ. ಕೊಳೆರೋಗ ಬಂದು ಎಳೆಯಡಕೆ ಉದುರಿತು. “ಈ ಸಲವೂ ಮದ್ದು ಬಿಡುತ್ತೀರಾ?” ಎಂದು ಕೇಳಿದೆವು. “ಬಿಡದೆ ಆಗುತ್ತದೆಯೇ ಸ್ವಾಮೀ? ಮಳೆ ನಮ್ಮ ಕೈಯಲ್ಲಿಲ್ಲ, ಮದ್ದು ಬಿಡುವುದು ನಮ್ಮ ಕೈಯಲ್ಲಿದೆ” ಎಂದರು. ಸರಿಯಾದ ಕೆಲಸಕ್ಕೂ ಕೆಟ್ಟ ಫಲ ಬರಬಹುದು. ಅಷ್ಟರಿಂದ ಕೆಲಸವೇ ತಪ್ಪಾಗುವುದಿಲ್ಲ.

ತಾಯಂದಿರೇ, ತಂದೆಯರೇ, ಮಗು ಆಟದಲ್ಲಿ ಸೋತು ಅತ್ತಾಗ ಮೊಬೈಲು ಕಸಿದುಕೊಳ್ಳುವ ಮುನ್ನ ಅರ್ಧ ಗಳಿಗೆ ಪಕ್ಕದಲ್ಲಿ ಕುಳಿತು, “ನೀನು ಹೊಡೆದ ಏಟು ಸರಿಯಾಗಿತ್ತೇ?” ಎಂದು ಕೇಳಿರಿ. ಸರಿಯಾಗಿತ್ತೆಂದರೆ ಬೆನ್ನು ತಟ್ಟಿರಿ. ನಾಳೆ ಪರೀಕ್ಷೆಯೋ ಫಸಲೋ ಕೈಕೊಟ್ಟಾಗ ಅದು ಅವನಿಗೆ ಆಸರೆಯಾದೀತು.