ನಮ್ಮನೆ ಜನರೇಟರ್

ಗಂಡಸಿಯಲ್ಲಿ ಜನರೇಟರ್ ಅಂದರೆ ಕರೆಂಟ್ ಹೋದಾಗ ಗುಡುಗುಡು ಅನ್ನುವ ಡೀಸೆಲ್ ಯಂತ್ರ. ಇನ್ನೊಂದು ಜನರೇಟರ್ ನನಗೆ ಗೊತ್ತಾಗಿದ್ದು ಅಪ್ಪನ ಕೊಬ್ಬರಿಯಿಂದ.

ಯಾವ ತಿಂಗಳು ಮಾರಬೇಕು ಅಂತ ತಿಳಿಯಲು ಹತ್ತು ವರ್ಷದ ಮಾರುಕಟ್ಟೆ ದರಗಳ ಫೈಲನ್ನು ಒಟ್ಟಿಗೆ ಓದಿಸಿದೆ. ಹಳೇ ಲ್ಯಾಪ್‌ಟಾಪ್ ನಿಂತೇಹೋಯಿತು.

ಪೈಥಾನ್‌ಗೆ 2001ರಲ್ಲಿ ಬಂದ ‘ಯೀಲ್ಡ್’ ಕೈಹಿಡಿಯಿತು. ಕೇಳಿದಾಗ ಒಂದು ಸಾಲು ಕೊಟ್ಟು ಅಲ್ಲೇ ನಿಲ್ಲುತ್ತದೆ. ಮತ್ತೆ ಕೇಳಿದರೆ ಮುಂದಿನದು. ಅಟ್ಟದ ಕಾಯಿಯನ್ನೆಲ್ಲ ಒಮ್ಮೆಲೇ ಅಂಗಳಕ್ಕೆ ಸುರಿಯದೆ ಒಂದೊಂದೇ ಇಳಿಸಿದ ಹಾಗೆ. ಜೊತೆಗೆ, ಫಂಕ್ಷನ್‌ನಂತೆ ಕರೆಯಬಹುದಾದ ಒಂದು ಆಬ್ಜೆಕ್ಟ್ ಮಾಡಿದೆ. ಕರೆದಾಗಲೆಲ್ಲ ಹೊಸ ದರ ಸೇರಿಸಿ ಸರಾಸರಿ ಹೇಳುತ್ತದೆ, ಹಿಂದಿನದನ್ನು ಮರೆಯುವುದಿಲ್ಲ.

ತಿಂಗಳವಾರು ಲೆಕ್ಕ ತೋರಿಸಿದೆ. ಅಪ್ಪ ನೋಡಿ, “ಸಾಲ ಕಟ್ಟೋದು ಮಾರ್ಚಿಗೆ ಮಗಾ. ದರ ಏರೋಗಂಟ ಕಾಯೋಕೆ ಬ್ಯಾಂಕಿಗೆ ನೀನೇ ಹೇಳು” ಅಂದರು.

ಅದಕ್ಕೆ ನನ್ನ ಹತ್ತಿರ ಕೋಡ್ ಇರಲಿಲ್ಲ.